ಬಿಸಿಯೂಟ ಉಂಡು ಬಂದ ಮಕ್ಕಳಿಗೆ ಸಂಜೆ ಏನು ಕೊಡೋಣ?

"ಸ್ಕೂಲಲ್ಲೇ ಊಟ ಆಗಿರುತ್ತಲ್ಲ, ಮತ್ತೆ ಮನೇಲಿ ಏನು ಕೊಡೋದು?" ಪೋಷಕರ ಸಭೆಗೆ ಹೋದಾಗ ಪಕ್ಕದಲ್ಲಿ ಕೂತ ತಾಯಂದಿರು ಇದನ್ನೇ ಕೇಳುತ್ತಾರೆ. ಕೆಲವರು ಊಟ ಆಗಿದೆಯಲ್ಲ ಅಂತ ಒಂದು ಬಿಸ್ಕತ್ ಪ್ಯಾಕೆಟ್ ಕೈಗಿಟ್ಟು ಸುಮ್ಮನಾಗುತ್ತಾರೆ. ಇನ್ನು ಕೆಲವರು ಪಾಪ ಮಗು ಹಸಿದು ಬಂದಿದೆ ಅಂತ ಮತ್ತೆ ತಟ್ಟೆ ತುಂಬಾ ಅನ್ನ ಸಾರು ಬಡಿಸುತ್ತಾರೆ. ನಮ್ಮ ಮನೆಯಲ್ಲಿ ಎರಡೂ ಆಗಿದೆ.

ನನ್ನ ಮಗ ಮೂರನೇ ತರಗತಿ, ಮಗಳು ಆರನೇ ತರಗತಿ. ಇಬ್ಬರೂ ಸರ್ಕಾರಿ ಶಾಲೆ. ನಾನು ಕೆಲಸ ಮುಗಿಸಿ ಮನೆ ಸೇರುವುದು ಆರು ಗಂಟೆಗೆ. ನಾಲ್ಕೂವರೆಗೆ ಮಕ್ಕಳಿಗೆ ಬಾಗಿಲು ತೆಗೆಯುವುದು ನಮ್ಮ ಅತ್ತೆ. ಮಗ ಒಂದನೇ ತರಗತಿಗೆ ಸೇರಿದ ವರ್ಷ ಅವರು ಪ್ರೀತಿಯಿಂದ ದಿನಾ ಸಂಜೆ ಬಿಸಿ ಅನ್ನ ಸಾರು ತುಪ್ಪ ಕಲಸಿ ಕೊಡುತ್ತಿದ್ದರು. ಅವನು ಗಬಗಬ ಉಣ್ಣುತ್ತಿದ್ದ. ರಾತ್ರಿ ಎಂಟಕ್ಕೆ ತಟ್ಟೆ ಇಟ್ಟರೆ ಎರಡು ತುತ್ತು ತಿಂದು ಅಲ್ಲೇ ತೂಕಡಿಕೆ. ಹತ್ತು ಗಂಟೆಗೆ ಎದ್ದು "ಅಮ್ಮಾ ಹಸಿವು" ಅನ್ನುತ್ತಿದ್ದ. ಬೆಳಿಗ್ಗೆ ತಿಂಡಿ ಸೇರುತ್ತಿರಲಿಲ್ಲ. ಮೂರು ಹೊತ್ತೂ ಅನ್ನ ಸಾರೇ ಹೊಟ್ಟೆಗೆ ಹೋಗುತ್ತಿತ್ತು. ಸೊಪ್ಪು, ಹಣ್ಣು, ಕಾಳು ಇವಕ್ಕೆ ಜಾಗವೇ ಇರಲಿಲ್ಲ.

ಅದನ್ನು ಸರಿಮಾಡಿಕೊಳ್ಳಲು ನಮಗೆ ಸುಮಾರು ಒಂದು ವರ್ಷ ಹಿಡಿಯಿತು. ಆಗ ಕಲಿತದ್ದನ್ನು ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ಒಟ್ಟು ಲೆಕ್ಕ ಇಷ್ಟೇ: ಸಂಜೆಯ ತಿಂಡಿ ಮಧ್ಯಾಹ್ನದ ತಟ್ಟೆಯನ್ನು ನೋಡಿ ಹುಟ್ಟಬೇಕು. ಅಲ್ಲಿ ಏನು ಸಿಕ್ಕಿತೋ ಅದನ್ನೇ ಮತ್ತೆ ಕೊಡುವುದಲ್ಲ, ಅಲ್ಲಿ ಏನು ಸಿಗಲಿಲ್ಲವೋ ಅದನ್ನು ಕೊಡುವುದು.

ಮೊದಲ ಹೆಜ್ಜೆ: ಶಾಲೆಯಲ್ಲಿ ಏನು ಸಿಗುತ್ತದೆ, ತಿಳಿದುಕೊಳ್ಳಿ

ಶಾಲೆಯ ಗೋಡೆ ಮೇಲೆ ವಾರದ ಊಟದ ಪಟ್ಟಿ ಬರೆದಿರುತ್ತಾರೆ. ಒಮ್ಮೆ ಹೋಗಿ ಮೊಬೈಲಲ್ಲಿ ಫೋಟೋ ತೆಗೆದುಕೊಂಡು ಬನ್ನಿ. ನಾನು ಅದನ್ನು ಅಡುಗೆಮನೆ ಕಪಾಟಿನ ಬಾಗಿಲಿಗೆ ಬರೆದು ಅಂಟಿಸಿದ್ದೇನೆ. ಹೆಚ್ಚಿನ ದಿನ ಅನ್ನ, ತರಕಾರಿ ಹಾಕಿದ ಸಾಂಬಾರು. ಒಂದೊಂದು ದಿನ ಉಪ್ಪಿಟ್ಟು ಅಥವಾ ಬಿಸಿಬೇಳೆ ಬಾತ್. ಊರಿಂದ ಊರಿಗೆ ಸ್ವಲ್ಪ ಬದಲಾಗುತ್ತದೆ.

ಅಳತೆಯೂ ನಿಗದಿಯಾಗಿದೆ. ಒಂದರಿಂದ ಐದನೇ ತರಗತಿವರೆಗೆ ಒಂದು ಮಗುವಿಗೆ 100 ಗ್ರಾಂ ಅಕ್ಕಿ ಅಥವಾ ಗೋಧಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಆರರಿಂದ ಎಂಟನೇ ತರಗತಿಗೆ 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ, 7.5 ಗ್ರಾಂ ಎಣ್ಣೆ. ಇದೆಲ್ಲ ಬೇಯಿಸುವ ಮುಂಚಿನ ತೂಕ. ಚಿಕ್ಕ ಮಕ್ಕಳ ಊಟದಲ್ಲಿ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನ್ ಇರಬೇಕು. ದೊಡ್ಡವರದ್ದರಲ್ಲಿ 700 ಕ್ಯಾಲೊರಿ, 20 ಗ್ರಾಂ ಪ್ರೋಟೀನ್ ಇರಬೇಕು.

ಊಟದ ಜೊತೆ ಕ್ಷೀರಭಾಗ್ಯದ ಹಾಲೂ ಇದೆ. 2013ರ ಆಗಸ್ಟ್‌ನಲ್ಲಿ ಶುರುವಾದ ಯೋಜನೆ ಅದು. ಹಾಲಿನ ಪುಡಿ ಕಲಸಿ ಒಂದು ಮಗುವಿಗೆ 150 ಮಿಲಿ ಲೀಟರ್ ಕೊಡುತ್ತಾರೆ. ಈಗ ಮೊಟ್ಟೆಯೂ ಸಿಗುತ್ತದೆ, ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು. 2002ರಲ್ಲಿ ಉತ್ತರ ಕರ್ನಾಟಕದ ಕೆಲವು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಅಂತ ಶುರುವಾದಾಗ ಸಣ್ಣ ತರಗತಿಯ ಮಕ್ಕಳಿಗೆ ಮಾತ್ರ ಇದ್ದ ಊಟ ಇವತ್ತು ಹತ್ತನೇ ತರಗತಿವರೆಗೆ ಬಂದಿದೆ. ನನಗೆ ಇದು ಸಣ್ಣ ವಿಷಯ ಅನ್ನಿಸುವುದಿಲ್ಲ. ನಾನು ಓದುವಾಗ ಮಧ್ಯಾಹ್ನ ಮನೆಗೆ ಓಡಿ ಬಂದು ಉಂಡು ಮತ್ತೆ ಓಡುತ್ತಿದ್ದೆವು. ದೂರದ ಹಳ್ಳಿಯಿಂದ ಬರುತ್ತಿದ್ದವರು ಒಣ ರೊಟ್ಟಿ ತಿಂದು ನೀರು ಕುಡಿಯುತ್ತಿದ್ದರು.

ಈಗ ಮನೆಯ ಲೆಕ್ಕಕ್ಕೆ ಬನ್ನಿ. ಏಳರಿಂದ ಒಂಬತ್ತು ವರ್ಷದ ಮಗುವಿಗೆ ದಿನಕ್ಕೆ ಸುಮಾರು 1,700 ಕ್ಯಾಲೊರಿ ಬೇಕು ಅನ್ನುತ್ತದೆ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ. ಹತ್ತರಿಂದ ಹನ್ನೆರಡರ ಹುಡುಗಿಗೆ 2,060, ಹುಡುಗನಿಗೆ 2,220. ಅಂದರೆ ಬಿಸಿಯೂಟ ನನ್ನ ಮಗನ ದಿನದ ಊಟದಲ್ಲಿ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ, ಮಗಳದ್ದರಲ್ಲಿ ಮೂರನೇ ಒಂದು ಭಾಗ. ಉಳಿದದ್ದೆಲ್ಲ ಮನೆಯಿಂದಲೇ ಹೋಗಬೇಕು. ಬೆಳಗಿನ ತಿಂಡಿ, ರಾತ್ರಿ ಊಟ ಎರಡರಲ್ಲೇ ಅಷ್ಟನ್ನೂ ತುಂಬಿಸಲು ಆಗುವುದಿಲ್ಲ. ಪುಟ್ಟ ಹೊಟ್ಟೆ, ಒಂದೇ ಸಲ ಜಾಸ್ತಿ ಹಿಡಿಯುವುದಿಲ್ಲ. ಅದಕ್ಕೇ ಸಂಜೆಯದ್ದು ಸುಮ್ನೆ ಬಾಯಿ ಆಡಿಸುವ ತಿಂಡಿಯಲ್ಲ, ಒಂದು ಸಣ್ಣ ಊಟ. ಚಿಕ್ಕವರಿಗೆ 250ರಿಂದ 300 ಕ್ಯಾಲೊರಿ, ದೊಡ್ಡವರಿಗೆ ಇನ್ನೊಂದು ಸ್ವಲ್ಪ ಸಾಕು. ದಿನಾ ತೂಕ ಹಾಕುತ್ತಾ ಕೂರಬೇಡಿ. ಒಂದು ಬಟ್ಟಲು, ಒಂದು ಹಣ್ಣು, ಒಂದು ಲೋಟ ಅನ್ನುವಷ್ಟು ಅಂದಾಜು ಇದ್ದರೆ ಆಯಿತು.

ಎರಡನೇ ಹೆಜ್ಜೆ: ಕೇಳುವ ರೀತಿ ಬದಲಿಸಿ

"ಊಟ ಮಾಡಿದ್ಯಾ?" ಅಂತ ಕೇಳಿದರೆ ಎಲ್ಲ ಮಕ್ಕಳೂ "ಹೂಂ" ಅನ್ನುತ್ತಾರೆ. ಆ ಹೂಂನಿಂದ ನಮಗೆ ಏನೂ ಗೊತ್ತಾಗುವುದಿಲ್ಲ. "ಇವತ್ತು ಸಾಂಬಾರಲ್ಲಿ ಏನು ತರಕಾರಿ ಇತ್ತು?" ಅಂತ ಕೇಳಿ. "ನಿನ್ನ ಪಕ್ಕ ಯಾರು ಕೂತಿದ್ರು, ಅವನು ಎಷ್ಟು ಸಲ ಹಾಕಿಸಿಕೊಂಡ?" ಅಂತ ಕೇಳಿ. ಪಕ್ಕದವನ ಕಥೆ ಹೇಳುತ್ತಾ ತಮ್ಮದನ್ನೂ ಹೇಳಿಬಿಡುತ್ತಾರೆ.

ನನ್ನ ಮಗಳು ಹೀಗೇ ಸಿಕ್ಕಿಬಿದ್ದಳು. ನಾಲ್ಕನೇ ತರಗತಿಯಲ್ಲಿ ಇದ್ದಾಗ ಸಂಜೆ ಬಂದವಳೇ ಸಿಕ್ಕಿದ್ದೆಲ್ಲ ತಿನ್ನುತ್ತಿದ್ದಳು. ಕೇಳಿದರೆ ಊಟ ಆಯಿತು ಅನ್ನುತ್ತಿದ್ದಳು. ಒಂದು ದಿನ "ಕೋಸಿತ್ತಾ, ಕುಂಬಳಕಾಯಿ ಇತ್ತಾ?" ಅಂದೆ. ಅವಳಿಗೆ ಹೇಳಲಿಕ್ಕೆ ಆಗಲಿಲ್ಲ. ಮೆಲ್ಲಗೆ ವಿಚಾರಿಸಿದರೆ ಗೊತ್ತಾಯಿತು, ಎರಡು ತುತ್ತು ತಿಂದು ತಟ್ಟೆ ತೊಳೆದು ಕುಂಟೆಬಿಲ್ಲೆ ಆಡಲು ಓಡುತ್ತಿದ್ದಳು. ಬೇಗ ಹೋಗದಿದ್ದರೆ ಆಟದಲ್ಲಿ ಸೇರಿಸಿಕೊಳ್ಳುತ್ತಿರಲಿಲ್ಲವಂತೆ. ಬೈದಿದ್ದರೆ ಸುಳ್ಳು ಮುಂದುವರಿಯುತ್ತಿತ್ತು. ಟೀಚರಿಗೆ ಹೇಳಿದೆ. ಅವರು ಎಲ್ಲರ ಊಟ ಮುಗಿಯುವವರೆಗೆ ಆಟ ಇಲ್ಲ ಅಂತ ನಿಯಮ ಮಾಡಿದರು. ಒಂದೇ ವಾರದಲ್ಲಿ ಸರಿಹೋಯಿತು.

ಊಟ ಬಿಡುವುದಕ್ಕೆ ಬೇರೆ ಕಾರಣಗಳೂ ಇರುತ್ತವೆ. ಖಾರ ಜಾಸ್ತಿ, ಹಲ್ಲು ನೋವು, ಜೊತೆಗಾರರ ಜೊತೆ ಜಗಳ, ತಟ್ಟೆ ಮನೆಯಲ್ಲೇ ಮರೆತದ್ದು. ಅಡುಗೆಯೇ ಸರಿಯಿಲ್ಲ ಅಂತ ಮಗು ಮತ್ತೆ ಮತ್ತೆ ಹೇಳಿದರೆ ನೀವೇ ಒಮ್ಮೆ ಊಟದ ಹೊತ್ತಿಗೆ ಹೋಗಿ ನೋಡಿ. ಶಿಕ್ಷಕರು ರುಚಿ ನೋಡಿದ ಮೇಲೆಯೇ ಮಕ್ಕಳಿಗೆ ಬಡಿಸಬೇಕು ಅನ್ನುವ ನಿಯಮ ಇದೆ. ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ಮಾತಾಡಲು ಪೋಷಕರಿಗೆ ಹಕ್ಕಿದೆ. ಆದರೆ ಹೋದಾಗ ಅಡುಗೆಯವರ ಜೊತೆ ಮರ್ಯಾದೆಯಿಂದ ಮಾತಾಡಿ. ಹೊಗೆ, ಬಿಸಿಯ ಮಧ್ಯೆ ನಿಂತು ಅಷ್ಟು ಮಕ್ಕಳಿಗೆ ಬೇಯಿಸಿ ಹಾಕುವ ಹೆಂಗಸರು ಅವರು.

ಮೂರನೇ ಹೆಜ್ಜೆ: ಮೊದಲು ನೀರು

ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಮಕ್ಕಳು ಬಂದ ತಕ್ಷಣ ಕೈಕಾಲು ತೊಳೆದು ಒಂದು ದೊಡ್ಡ ಲೋಟ ನೀರು ಕುಡಿಯಲಿ. ಎಷ್ಟೋ ಸಲ ಹಸಿವು ಅಂದದ್ದರಲ್ಲಿ ಅರ್ಧ ಬಾಯಾರಿಕೆ ಇರುತ್ತದೆ. ಹೆಣ್ಣುಮಕ್ಕಳನ್ನು ಇನ್ನೂ ಸ್ವಲ್ಪ ಗಮನಿಸಿ. ಶೌಚಾಲಯಕ್ಕೆ ಹೋಗುವುದನ್ನು ತಪ್ಪಿಸಲು ದಿನವಿಡೀ ನೀರೇ ಕುಡಿಯದೆ ಇರುವ ಹುಡುಗಿಯರು ತುಂಬಾ ಇದ್ದಾರೆ. ಬೆಳಿಗ್ಗೆ ತುಂಬಿಸಿ ಕೊಟ್ಟ ಬಾಟಲಿ ಸಂಜೆ ಹಾಗೇ ತುಂಬಿಕೊಂಡು ಬಂದರೆ ಕೂತು ಕೇಳಿ. ಶಾಲೆಯ ಶೌಚಾಲಯದ ಬಗ್ಗೆ ಮಾತಾಡಬೇಕಾದ ವಿಷಯ ಅದು.

ನಾಲ್ಕನೇ ಹೆಜ್ಜೆ: ಸಂಜೆಯ ಬಟ್ಟಲು

ಬಿಸಿಯೂಟದಲ್ಲಿ ಅಕ್ಕಿ ಸಾಕಷ್ಟು ಸಿಕ್ಕಿರುತ್ತದೆ. ಬೇಳೆ ಸ್ವಲ್ಪ, ತರಕಾರಿ ಸ್ವಲ್ಪ. ಕಡಿಮೆ ಬೀಳುವುದು ಹಣ್ಣು, ಸೊಪ್ಪು, ಇಡೀ ಕಾಳು, ಕಡಲೆಕಾಯಿ ಎಳ್ಳಿನಂಥ ಎಣ್ಣೆಕಾಳು, ರಾಗಿ ಜೋಳದಂಥ ಧಾನ್ಯ. ಸಂಜೆ ಬಟ್ಟಲಿಗೆ ಇವೇ ಬರಲಿ. ನಮ್ಮ ಮನೆಯಲ್ಲಿ ಸುತ್ತು ಹಾಕುವ ಕೆಲವು ತಿಂಡಿಗಳನ್ನು ಹೇಳುತ್ತೇನೆ.

ಮಂಡಕ್ಕಿ ಮಕ್ಕಳಿಗೆ ಬಹಳ ಇಷ್ಟ. ಆದರೆ ಬರೀ ಮಂಡಕ್ಕಿ ಗಾಳಿ ತಿಂದ ಹಾಗೆ, ಅರ್ಧ ಗಂಟೆಗೆ ಮತ್ತೆ ಹಸಿವು. ಅದಕ್ಕೆ ಬೇರೆಯದು ಸೇರಬೇಕು. ಒಂದು ಮಗುವಿಗೆ ಎರಡು ದೊಡ್ಡ ಹಿಡಿ ಮಂಡಕ್ಕಿ, ಒಂದು ಸಣ್ಣ ಹಿಡಿ ಹುರಿದ ಕಡಲೆಕಾಯಿ ಬೀಜ, ಒಂದು ಚಮಚ ಹುರಿಗಡಲೆ, ತುರಿದ ಕ್ಯಾರೆಟ್, ಸಣ್ಣಗೆ ಹೆಚ್ಚಿದ ಟೊಮೆಟೊ, ಈರುಳ್ಳಿ, ಕೊತ್ತಂಬರಿ. ಮೇಲೆ ಒಂದು ಚಮಚ ಕೊಬ್ಬರಿ ಎಣ್ಣೆ, ಚಿಟಿಕೆ ಉಪ್ಪು, ಅಚ್ಚಖಾರದ ಪುಡಿ, ಅರ್ಧ ನಿಂಬೆಹಣ್ಣು. ಕಲಸಿದ ತಕ್ಷಣ ತಿನ್ನಬೇಕು, ಹತ್ತು ನಿಮಿಷ ಬಿಟ್ಟರೆ ಮೆತ್ತಗಾಗುತ್ತದೆ. ನಮ್ಮಲ್ಲಿ ಕ್ಯಾರೆಟ್ ತುರಿಯುವ ಕೆಲಸ ಮಗಳದ್ದು, ನಿಂಬೆ ಹಿಂಡುವುದು ಮಗ. ಸಾಂಬಾರಲ್ಲಿ ಕ್ಯಾರೆಟ್ ಕಂಡರೆ ತಟ್ಟೆ ಅಂಚಿಗೆ ತಳ್ಳುವ ಹುಡುಗ ತಾನೇ ಕಲಸಿದ ಮಂಡಕ್ಕಿಯಲ್ಲಿ ಅದನ್ನು ಹುಡುಕಿ ಹುಡುಕಿ ತಿನ್ನುತ್ತಾನೆ.

ಮೊಳಕೆ ಹೆಸರುಕಾಳಿನ ಉಸಲಿ ವಾರಕ್ಕೆ ಎರಡು ಸಲ. ಬೆಳಿಗ್ಗೆ ಕಾಳು ನೆನೆಹಾಕಿ, ರಾತ್ರಿ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಮಾರನೇ ದಿನಕ್ಕೆ ಮೊಳಕೆ ಬಂದಿರುತ್ತದೆ, ಚಳಿಗಾಲದಲ್ಲಿ ಇನ್ನೂ ಅರ್ಧ ದಿನ ಬೇಕು. ಮಕ್ಕಳಿಗೆ ಹಸಿ ಮೊಳಕೆ ಬೇಡ, ಹಬೆಯಲ್ಲಿ ಬೇಯಿಸಿ. ಒಗ್ಗರಣೆ, ತೆಂಗಿನ ತುರಿ, ನಿಂಬೆ ಹುಳಿ. ಕಡಲೆಕಾಳು, ಅಲಸಂದೆ, ಹುರುಳಿ ಇವನ್ನೂ ಹೀಗೇ ಮಾಡಬಹುದು. ಅವರೆಕಾಯಿ ಕಾಲದಲ್ಲಿ ಬೇರೆ ಯೋಚನೆಯೇ ಬೇಡ, ಅಲ್ವಾ?

ರಾಗಿ ಗಂಜಿ ಅಥವಾ ರಾಗಿ ಮಾಲ್ಟ್ ಮಳೆ ದಿನಕ್ಕೆ ಹೇಳಿ ಮಾಡಿಸಿದ್ದು. ಒಂದು ಲೋಟಕ್ಕೆ ಒಂದೂವರೆ ಚಮಚ ರಾಗಿ ಹಿಟ್ಟು ಸಾಕು. ಮೊದಲು ತಣ್ಣೀರಲ್ಲಿ ಗಂಟಿಲ್ಲದಂತೆ ಕದಡಿ. ಆಮೇಲೆ ಕುದಿಯುವ ನೀರಿಗೆ ಹಾಕಿ ಐದಾರು ನಿಮಿಷ ಕೈಬಿಡದೆ ತಿರುವಿ. ಹಸಿ ವಾಸನೆ ಹೋಗಿ ಬಣ್ಣ ಗಾಢವಾಗಬೇಕು. ಇಳಿಸಿ ಸ್ವಲ್ಪ ಆರಿದ ಮೇಲೆ ಬೆಲ್ಲ, ಕಾಯಿಸಿದ ಹಾಲು ಹಾಕಿ. ಕುದಿಯುವಾಗಲೇ ಬೆಲ್ಲ ಹಾಲು ಎರಡೂ ಹಾಕಿದರೆ ಒಡೆಯುತ್ತದೆ. ಸಿಹಿ ಬೇಡವಾದರೆ ಮಜ್ಜಿಗೆ, ಉಪ್ಪು, ಜೀರಿಗೆ ಪುಡಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿ ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಅಕ್ಕಿಯಲ್ಲಿ ಅದರ ಹತ್ತಿರಕ್ಕೂ ಬರುವಷ್ಟು ಇಲ್ಲ. ಶಾಲೆಯಲ್ಲೇ ರಾಗಿ ಮಾಲ್ಟ್ ಕೊಟ್ಟ ದಿನ ಮನೆಯಲ್ಲಿ ಬೇರೆ ಮಾಡಿ. ಬೆಲ್ಲ ಒಳ್ಳೆಯದು ಅಂತ ಎರಡು ಮೂರು ಚಮಚ ಸುರಿಯಬೇಡಿ, ಅದೂ ಸಿಹಿಯೇ.

ಸೊಪ್ಪಿನ ರೊಟ್ಟಿ ನಮ್ಮ ಅತ್ತೆಯ ಕೈಗುಣ. ಅಕ್ಕಿ ಹಿಟ್ಟಿಗೆ ಅರ್ಧ ರಾಗಿ ಹಿಟ್ಟು, ಒಂದು ಹಿಡಿ ನುಗ್ಗೆಸೊಪ್ಪು, ಈರುಳ್ಳಿ, ತೆಂಗಿನ ತುರಿ ಹಾಕಿ ಕಲಸಿ ಕಾವಲಿ ಮೇಲೆ ತೆಳ್ಳಗೆ ತಟ್ಟುತ್ತಾರೆ. ಮಧ್ಯೆ ಬೆರಳಲ್ಲಿ ನಾಲ್ಕು ತೂತು ಮಾಡಿ ಎಣ್ಣೆ ಬಿಡುತ್ತಾರೆ. ಆ ತೂತಿನ ಸುತ್ತ ಗರಿಗರಿಯಾದ ಭಾಗಕ್ಕೆ ಮಕ್ಕಳಿಬ್ಬರೂ ಕಿತ್ತಾಡುತ್ತಾರೆ. ಒಂದು ಸಣ್ಣ ರೊಟ್ಟಿ ಸಾಕು, ದೊಡ್ಡವಳಿಗೆ ಒಂದೂವರೆ. ಉತ್ತರ ಕರ್ನಾಟಕದ ಕಡೆಯವರಿಗೆ ಇನ್ನೂ ಸುಲಭ. ಬೆಳಗಿನ ಜೋಳದ ರೊಟ್ಟಿ, ಶೇಂಗಾ ಚಟ್ನಿ ಪುಡಿ, ಗಟ್ಟಿ ಮೊಸರು. ಅದಕ್ಕಿಂತ ಒಳ್ಳೆಯ ಸಂಜೆ ತಿಂಡಿ ನನಗೆ ಗೊತ್ತಿಲ್ಲ.

ಇನ್ನು ಹೆಚ್ಚು ಅಡುಗೆ ಕೆಲಸ ಬೇಡದ ತಿಂಡಿಗಳು. ಬೇಯಿಸಿದ ಕಡಲೆಕಾಯಿ, ಬೇಯಿಸಿದ ಗೆಣಸು, ಹಲಸಿನ ಬೀಜ, ಎಳ್ಳುಂಡೆ, ತೆಂಗಿನ ತುರಿ ಬೆಲ್ಲ ಕಲಸಿದ ಅವಲಕ್ಕಿ. ಹಣ್ಣು ಅಂದರೆ ಸೇಬು ಅಂತಲೇ ಎಲ್ಲರ ತಲೆಯಲ್ಲಿ ಕೂತಿದೆ. ಹಿತ್ತಲಲ್ಲಿ ಬಿಡುವ ಸೀಬೆಹಣ್ಣಿನಲ್ಲಿ ಕಿತ್ತಳೆಗಿಂತ ಜಾಸ್ತಿ ವಿಟಮಿನ್ ಸಿ ಇದೆ. ಪರಂಗಿ, ನೇರಳೆ, ಸೀತಾಫಲ, ಬೆಟ್ಟದ ನೆಲ್ಲಿಕಾಯಿ ಆಯಾ ಕಾಲಕ್ಕೆ ಅಗ್ಗಕ್ಕೆ ಸಿಗುತ್ತವೆ. ಸೀಬೆ ಹೆಚ್ಚಿ ಉಪ್ಪು ಖಾರ ಸವರಿ ಇಟ್ಟರೆ ತಟ್ಟೆ ಖಾಲಿಯಾಗುವುದು ನೋಡಬೇಕು.

ಒಂದು ಎಚ್ಚರಿಕೆ. ಮನೆಯಲ್ಲಿ ಐದು ವರ್ಷದೊಳಗಿನ ಪುಟ್ಟ ಮಗು ಇದ್ದರೆ ಇಡೀ ಕಡಲೆಕಾಯಿ ಬೀಜ, ಹುರಿಗಡಲೆ ಕೊಡಬೇಡಿ. ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಪುಡಿ ಮಾಡಿ ಕೊಡಿ. ದೊಡ್ಡ ಮಕ್ಕಳೂ ಓಡುತ್ತಾ, ನಗುತ್ತಾ ತಿನ್ನಬಾರದು, ಕೂತು ತಿನ್ನಲಿ.

ಮಧ್ಯಾಹ್ನಕ್ಕೂ ಸಂಜೆಗೂ ಹೊಂದಿಸುವುದು

ಇದಕ್ಕೆ ದೊಡ್ಡ ಪಟ್ಟಿ ಬೇಡ. ಶಾಲೆಯಲ್ಲಿ ಮೊಟ್ಟೆ, ಹಾಲು ಎರಡೂ ಸಿಕ್ಕಿ, ಮಗು ಪೂರ್ತಿ ಉಂಡಿದ್ದರೆ ಸಂಜೆ ಹಣ್ಣು, ಮಂಡಕ್ಕಿ ಅಷ್ಟೇ ಸಾಕು. ಮೊಟ್ಟೆ ಬಿಟ್ಟು ಬಾಳೆಹಣ್ಣು ತೆಗೆದುಕೊಳ್ಳುವ ಮಗುವಾದರೆ ಸಂಜೆ ಕಾಳು ಅಥವಾ ಕಡಲೆಕಾಯಿ ಇರಲೇಬೇಕು. ಒಂದು ಮೊಟ್ಟೆಯಲ್ಲಿ ಆರು ಗ್ರಾಂನಷ್ಟು ಪ್ರೋಟೀನ್ ಇರುತ್ತದೆ. 30 ಗ್ರಾಂ ಕಡಲೆಕಾಯಿ ಬೀಜ ತಿಂದರೆ ಅಷ್ಟು ಸಿಗುತ್ತದೆ. ಬಾಳೆಹಣ್ಣಲ್ಲಿ ಸಿಗುವುದಿಲ್ಲ. ಉಪ್ಪಿಟ್ಟಿನ ದಿನ ತರಕಾರಿ ಕಡಿಮೆ ಹೋಗಿರುತ್ತದೆ, ಅವತ್ತು ಸೊಪ್ಪಿನ ರೊಟ್ಟಿ ಮಾಡಿ. ಊಟವನ್ನೇ ಬಿಟ್ಟು ಬಂದ ದಿನ ಮಾತ್ರ ಸಂಜೆ ಬಿಸಿ ಊಟ ಹಾಕಿ. ಅವತ್ತು ಅನ್ನ ಸಾರು ತಪ್ಪಲ್ಲ.

ಹೊತ್ತು ತುಂಬಾ ಮುಖ್ಯ. ಬಂದ ಅರ್ಧ ಗಂಟೆಯೊಳಗೆ ಕೊಟ್ಟು ಐದು ಗಂಟೆಗೆ ಮುಗಿಸಿಬಿಡಿ. ರಾತ್ರಿ ಊಟ ಎಂಟಕ್ಕೆ ಅಂದರೆ ಮಧ್ಯೆ ಮೂರು ಗಂಟೆ ಅಂತರ ಸಿಗುತ್ತದೆ. ಐದರಿಂದ ಎಂಟರವರೆಗೆ ಅಡುಗೆಮನೆ ಮುಚ್ಚಿದೆ ಅಂತ ನಮ್ಮ ಮನೆಯಲ್ಲಿ ಒಂದು ಮಾತು. ನೀರು ಎಷ್ಟಾದರೂ ಕುಡಿಯಬಹುದು. ಹಸಿವು ಅಂತ ಬಂದರೆ ಒಂದು ಸೌತೆಕಾಯಿ ಹೋಳು. ಮೊದಲ ಹತ್ತು ದಿನ ಅಳು ಇತ್ತು. ಆಮೇಲೆ ಎಂಟಕ್ಕೆ ಅವರೇ ತಟ್ಟೆ ಹಾಕಿಕೊಂಡು ಕೂರತೊಡಗಿದರು. ಟ್ಯೂಷನ್‌ಗೆ ಹೋಗುವ ಮಕ್ಕಳಾದರೆ ತಿಂದೇ ಹೋಗಲಿ. ಖಾಲಿ ಹೊಟ್ಟೆಯಲ್ಲಿ ಕೂತು ಲೆಕ್ಕ ಬಿಡಿಸುವ ಮಗುವಿಗೆ ಲೆಕ್ಕ ತಲೆಗೆ ಹತ್ತುವುದಿಲ್ಲ. ಟಿವಿ ಮುಂದೆ, ಮೊಬೈಲ್ ಹಿಡಿದು ತಿಂದರೆ ಎಷ್ಟು ತಿಂದೆವು ಅನ್ನುವುದು ಅವರಿಗೇ ಗೊತ್ತಾಗುವುದಿಲ್ಲ. ಜಗುಲಿ ಮೇಲೆ ಕೂತು ತಿನ್ನಲಿ, ನಾಲ್ಕು ಮಾತಾಡಲಿ.

ಮನೆಯಲ್ಲಿ ಯಾರೂ ಇಲ್ಲದಿದ್ದರೆ

ನಮ್ಮ ಅತ್ತೆ ಎರಡು ತಿಂಗಳು ನಾದಿನಿ ಮನೆಗೆ ಹೋಗಿದ್ದರು. ಆಗ ಮಕ್ಕಳು ಬೀಗ ತೆಗೆದು ಒಳಗೆ ಬರಬೇಕಿತ್ತು. ಆ ಎರಡು ತಿಂಗಳು ನಡೆಸಿದ್ದು ಹೀಗೆ. ಬೆಳಿಗ್ಗೆ ಇಬ್ಬರಿಗೂ ಬೇರೆ ಬೇರೆ ಸ್ಟೀಲ್ ಡಬ್ಬಿ, ಮೇಲೆ ಹೆಸರು. ಒಂದೇ ಡಬ್ಬಿ ಇಟ್ಟರೆ ಮೊದಲು ಬಂದವರಿಗೇ ಎಲ್ಲ. ಒಳಗೆ ಕೆಡದಂಥದ್ದು ಮಾತ್ರ: ಹುರಿದ ಕಡಲೆಕಾಯಿ ಬೀಜ, ಹುರಿಗಡಲೆ, ಒಂದು ತುಂಡು ಬೆಲ್ಲ, ಹುರಿಹಿಟ್ಟಿನ ಉಂಡೆ ಅಥವಾ ತಂಬಿಟ್ಟು. ಪಕ್ಕದಲ್ಲಿ ಎರಡು ಏಲಕ್ಕಿ ಬಾಳೆಹಣ್ಣು.

ಹುರಿಹಿಟ್ಟಿನ ಉಂಡೆ ಭಾನುವಾರ ಮಾಡಿಟ್ಟರೆ ವಾರವಿಡೀ ಬರುತ್ತದೆ. ಎರಡು ಲೋಟ ರಾಗಿ ಹುರಿಹಿಟ್ಟು, ಒಂದು ಲೋಟ ಹುರಿಗಡಲೆ ಪುಡಿ, ಅರ್ಧ ಲೋಟ ಹುರಿದ ಕಡಲೆಕಾಯಿ ಪುಡಿ, ಎರಡು ಚಮಚ ಎಳ್ಳು, ಏಲಕ್ಕಿ. ಒಂದು ಲೋಟ ಬೆಲ್ಲವನ್ನು ಸ್ವಲ್ಪವೇ ನೀರಲ್ಲಿ ಕರಗಿಸಿ ಸೋಸಿ ಅಂಟು ಪಾಕ ಬರುವವರೆಗೆ ಕುದಿಸಿ. ಬಿಸಿ ಇರುವಾಗ ಪುಡಿಗೆ ಹಾಕಿ, ತುಪ್ಪದ ಕೈಯಲ್ಲಿ ನಿಂಬೆ ಗಾತ್ರದ ಉಂಡೆ ಕಟ್ಟಿ. ಉಂಡೆ ಉದುರುತ್ತಿದ್ದರೆ ಒಂದು ಚಮಚ ಬಿಸಿ ತುಪ್ಪ ಸೇರಿಸಿ. ಚಿಕ್ಕವರಿಗೆ ಒಂದು, ದೊಡ್ಡವರಿಗೆ ಎರಡು. ಹಾಲು ಹಾಕಿ ಕಟ್ಟಬೇಡಿ, ಎರಡೇ ದಿನಕ್ಕೆ ಕೆಡುತ್ತದೆ.

ಬೆಳಿಗ್ಗೆಯ ಚಿತ್ರಾನ್ನ, ಪುಳಿಯೋಗರೆ ಸಂಜೆಗೆ ಅಂತ ಹೊರಗೆ ಇಟ್ಟು ಹೋಗಬೇಡಿ. ಎಂಟು ಗಂಟೆ ಹೊರಗಿದ್ದ ಅನ್ನ ವಾಸನೆ ಬರದಿದ್ದರೂ ಹೊಟ್ಟೆ ಕೆಡಿಸಬಹುದು, ಬೇಸಿಗೆಯಲ್ಲಂತೂ ಖಂಡಿತ ಬೇಡ. ಚಿಕ್ಕ ಮಕ್ಕಳು ತಾವೇ ಗ್ಯಾಸ್ ಹಚ್ಚುವುದು ಬೇಡ. ಬಿಸಿ ಹಾಲು ಕುಡಿಯಲೇಬೇಕು ಅಂತಿಲ್ಲ, ನೀವು ಬಂದ ಮೇಲೆ ಕೊಡಬಹುದು. ಪಕ್ಕದ ಮನೆಯವರಿಗೆ ಒಂದು ಮಾತು ಹೇಳಿಟ್ಟಿರಿ.

ಅಂಗಡಿ ಪ್ಯಾಕೆಟ್ ಬಗ್ಗೆ

ಶಾಲೆಯ ಗೇಟಿನಿಂದ ನಮ್ಮ ಮನೆಗೆ ಬರುವ ದಾರಿಯಲ್ಲಿ ಮೂರು ಪೆಟ್ಟಿಗೆ ಅಂಗಡಿ. ಮೂರರಲ್ಲೂ ಐದು ರೂಪಾಯಿಯ ಪ್ಯಾಕೆಟ್‌ಗಳು ತೋರಣದ ಹಾಗೆ ತೂಗುತ್ತವೆ. ಉಪ್ಪು, ಎಣ್ಣೆ, ಮೈದಾ ಅಥವಾ ಆಲೂಗಡ್ಡೆ, ಬಣ್ಣ. ತಿಂದದ್ದು ಹೊಟ್ಟೆಗೆ ಸಾಲುವುದಿಲ್ಲ, ಆದರೆ ನಾಲಿಗೆ ಬೇರೆ ರುಚಿ ಒಪ್ಪುವುದಿಲ್ಲ. ಪೂರ್ತಿ ನಿಲ್ಲಿಸಿ ಅಂತ ನಾನು ಹೇಳುವುದಿಲ್ಲ, ನಮ್ಮ ಮನೆಯಲ್ಲೂ ಪೂರ್ತಿ ನಿಂತಿಲ್ಲ. ದಿನಾ ಕೈಗೆ ಐದು ರೂಪಾಯಿ ಕೊಡುವುದನ್ನು ನಿಲ್ಲಿಸಿದೆವು. ಶನಿವಾರ ಒಂದು ದಿನ ಅವರಿಗೆ ಬೇಕಾದದ್ದು ಕೊಳ್ಳಬಹುದು. ಉಳಿದ ದಿನ ಮನೆಗೆ ಬಂದ ತಕ್ಷಣ ತಿಂಡಿ ಸಿದ್ಧ ಇರುತ್ತದೆ ಅನ್ನುವ ನಂಬಿಕೆ ಅವರಿಗೆ ಬರಬೇಕು. ಆ ನಂಬಿಕೆ ಬಂದ ಮೇಲೆ ಅಂಗಡಿ ಮುಂದೆ ನಿಲ್ಲುವುದು ತಾನಾಗಿ ಕಡಿಮೆಯಾಯಿತು. ಅಜ್ಜಿ ತಾತಂದಿರಿಗೂ ಇದನ್ನು ಮೊದಲೇ ಹೇಳಿ ಒಪ್ಪಿಸಿಕೊಳ್ಳಿ.

ಟೀ ಮತ್ತು ಕಬ್ಬಿಣದ ಮಾತ್ರೆ

ಸಂಜೆ ದೊಡ್ಡವರು ಟೀ ಕುಡಿಯುವಾಗ ಮಕ್ಕಳಿಗೂ ಅರ್ಧ ಲೋಟ, ಜೊತೆಗೆ ಎರಡು ರಸ್ಕ್. ಬಹಳ ಮನೆಗಳಲ್ಲಿ ಇದೇ ಸಂಜೆ ತಿಂಡಿ. ದಯವಿಟ್ಟು ಇದನ್ನು ಬಿಡಿಸಿ. ಟೀ ಹಸಿವನ್ನು ಕೊಲ್ಲುತ್ತದೆ. ಸೊಪ್ಪು ಕಾಳಿನಲ್ಲಿರುವ ಕಬ್ಬಿಣದ ಅಂಶ ರಕ್ತಕ್ಕೆ ಸೇರದಂತೆ ತಡೆಯುತ್ತದೆ. ನಮ್ಮ ಮಕ್ಕಳಲ್ಲಿ, ಅದರಲ್ಲೂ ಬೆಳೆಯುವ ಹುಡುಗಿಯರಲ್ಲಿ ರಕ್ತಹೀನತೆ ಎಷ್ಟು ಇದೆ ಅಂತ ಯಾವ ಆಶಾ ಕಾರ್ಯಕರ್ತೆಯನ್ನು ಕೇಳಿದರೂ ಹೇಳುತ್ತಾರೆ. ನಿಂಬೆ, ಸೀಬೆ, ನೆಲ್ಲಿಕಾಯಿಯಂಥ ವಿಟಮಿನ್ ಸಿ ಇರುವ ಹಣ್ಣುಗಳು ಇದಕ್ಕೆ ಉಲ್ಟಾ ಕೆಲಸ ಮಾಡುತ್ತವೆ, ಕಬ್ಬಿಣ ಸೇರಲು ಸಹಾಯ ಮಾಡುತ್ತವೆ. ಉಸಲಿಗೆ ನಿಂಬೆ ಹಿಂಡುವುದು ರುಚಿಗಷ್ಟೇ ಅಲ್ಲ.

ಶಾಲೆಯಲ್ಲಿ ವಾರಕ್ಕೊಮ್ಮೆ ಕಬ್ಬಿಣದ ಮಾತ್ರೆ ಕೊಡುತ್ತಾರೆ, ಚಿಕ್ಕ ಮಕ್ಕಳಿಗೆ ಗುಲಾಬಿ ಬಣ್ಣದ್ದು, ದೊಡ್ಡವರಿಗೆ ನೀಲಿ. ಊಟ ಆದ ಮೇಲೆ ನುಂಗಬೇಕು. ಊಟ ಬಿಟ್ಟು ಬರೀ ಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆ ತೊಳಸುತ್ತದೆ. ಹಾಗೆ ಒಮ್ಮೆ ಆದ ಮಗು ಮಾತ್ರೆಯನ್ನು ಜೇಬಿಗೆ ಹಾಕಿಕೊಂಡು ಬರುತ್ತದೆ. ಮಲ ಕಪ್ಪಾದರೆ ಹೆದರಬೇಡಿ, ಮಾತ್ರೆಯಿಂದ ಹಾಗಾಗುತ್ತದೆ. ವರ್ಷಕ್ಕೆ ಎರಡು ಸಲ ಕೊಡುವ ಜಂತುಹುಳದ ಮಾತ್ರೆಯನ್ನೂ ತಪ್ಪಿಸಬೇಡಿ. ಮಗು ಚೆನ್ನಾಗಿ ತಿಂದರೂ ಸೊರಗುತ್ತಿದ್ದರೆ, ಯಾವಾಗಲೂ ಸುಸ್ತು ಅನ್ನುತ್ತಿದ್ದರೆ, ಬಳಪ ಮಣ್ಣು ತಿನ್ನುತ್ತಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿ. ತಿಂಡಿ ಬದಲಿಸಿ ಸರಿಯಾಗುವ ವಿಷಯ ಅಲ್ಲ ಅದು.

ರಾತ್ರಿ ಊಟ

ಮಧ್ಯಾಹ್ನ ಅನ್ನ ಸಾಂಬಾರಾಗಿದ್ದರೆ ರಾತ್ರಿ ಮುದ್ದೆ ಸೊಪ್ಪಿನ ಸಾರು, ಇಲ್ಲವೇ ಚಪಾತಿ ಪಲ್ಯ. ಒಂದು ಕಡೆ ಸ್ವಲ್ಪ ಮೊಸರು. ದಿನಾ ಎರಡು ಅಡುಗೆ ಮಾಡುವ ಶಕ್ತಿ ಯಾರಿಗೂ ಇಲ್ಲ. ರಾತ್ರಿಗೂ ಅನ್ನವೇ ಆದರೆ ಅನ್ನ ಕಡಿಮೆ ಮಾಡಿ ಪಲ್ಯ ಜಾಸ್ತಿ ಬಡಿಸಿ. ಮೊದಲು ಪಲ್ಯ ಹಾಕಿ, ಆಮೇಲೆ ಅನ್ನ ಹಾಕಿ ನೋಡಿ. ನಮ್ಮಲ್ಲಿ ಅದೊಂದೇ ಬದಲಾವಣೆಯಿಂದ ಮಕ್ಕಳು ತರಕಾರಿ ತಿನ್ನುವುದು ಹೆಚ್ಚಾಯಿತು. ಸಂಜೆ ಚೆನ್ನಾಗಿ ತಿಂದ ಮಗು ರಾತ್ರಿ ಒಂದು ಸೌಟು ಸಾಕು ಅಂದರೆ ಬಿಟ್ಟುಬಿಡಿ. ಒತ್ತಾಯ ಮಾಡಿ ತುರುಕಿದರೆ ಊಟದ ಮೇಲೇ ಬೇಸರ ಬರುತ್ತದೆ.

ಶನಿವಾರ, ರಜೆಗಳಲ್ಲಿ

ಶನಿವಾರ ಬೆಳಗಿನ ಶಾಲೆ. ಮಧ್ಯಾಹ್ನವೇ ಮನೆಗೆ ಬರುತ್ತಾರೆ. ಅವತ್ತು ಶಾಲೆಯಲ್ಲಿ ತಿಂದದ್ದು ಬೆಳಗಿನ ತಿಂಡಿ ಹೊತ್ತಿಗೆ ಹತ್ತಿರ ಅಂತ ಲೆಕ್ಕ ಹಾಕಿ, ಒಂದೂವರೆಗೆ ಮನೆಯಲ್ಲಿ ಊಟ ಕೊಡಿ. ದಸರಾ ರಜೆ, ಬೇಸಿಗೆ ರಜೆಯಲ್ಲಿ ಹಾಲು ಮೊಟ್ಟೆ ಎರಡೂ ಒಮ್ಮೆಲೇ ನಿಂತುಹೋಗುತ್ತವೆ. ನಾವು ಅದನ್ನು ಮೊದಲ ವರ್ಷ ಗಮನಿಸಿರಲೇ ಇಲ್ಲ. ಈಗ ರಜೆ ಶುರುವಾಗುವ ಮುಂಚಿನ ಭಾನುವಾರ ಸಂತೆಯಿಂದ ಒಂದು ಟ್ರೇ ಮೊಟ್ಟೆ, ಎರಡು ಕೆಜಿ ಕಡಲೆಕಾಯಿ, ಒಂದು ಕೆಜಿ ಹೆಸರುಕಾಳು ತಂದಿಡುತ್ತೇನೆ. ಹಾಲಿನವರಿಗೆ ದಿನಕ್ಕೆ ಕಾಲು ಲೀಟರ್ ಜಾಸ್ತಿ ಹಾಕಲು ಹೇಳುತ್ತೇನೆ. ಶಾಲೆಯಲ್ಲಿ ಊಟದ ಗಂಟೆ ಹೊಡೆಯುತ್ತಿದ್ದ ಹೊತ್ತಿಗೇ ಮನೆಯಲ್ಲೂ ತಟ್ಟೆ ಹಾಕುತ್ತಾರೆ ಅತ್ತೆ. ರಜೆಯಲ್ಲಿ ಆ ಹೊತ್ತಿಗೆ ನಮ್ಮ ಮನೆಯಲ್ಲಿ ನಮ್ಮ ಇಬ್ಬರು ಮಕ್ಕಳ ಜೊತೆ ಬೀದಿಯ ಇನ್ನೂ ಮೂರು ಮಕ್ಕಳು ಕೂತಿರುತ್ತಾರೆ, ಹಾಗಾಗಿ ಉಸಲಿಗೆ ಕಾಳು ಒಂದು ಪಾವು ಜಾಸ್ತಿ ನೆನೆಹಾಕುತ್ತೇವೆ.